ಕುಮಟಾದಿಂದ ವಂಡರ್ಲಾಗೆ: ಹೊರಡುವ ಮುಂಚೆ ಮಕ್ಕಳನ್ನು ಅಳೆಯಿರಿ

ನಮ್ಮ ಮನೆಯ ಅಡುಗೆಮನೆ ಬಾಗಿಲಿನ ಪಕ್ಕ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಮಕ್ಕಳ ಎತ್ತರದ ಗುರುತು. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ವಂಡರ್ಲಾ ಮನರಂಜನಾ ಪಾರ್ಕಿಗೆ ಹೊರಟವರು ಟಿಕೆಟ್ ಬುಕ್ ಮಾಡುವ ಮುಂಚೆ ಇದೊಂದು ಕೆಲಸ ಮಾಡಲೇಬೇಕು. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಲೆಕ್ಕದಲ್ಲಿಲ್ಲ, ಎತ್ತರದ ಲೆಕ್ಕದಲ್ಲಿದೆ. 85 ಸೆಂಟಿಮೀಟರಿಗಿಂತ ಗಿಡ್ಡ ಇದ್ದರೆ ಟಿಕೆಟ್ ಬೇಡ. 85ರಿಂದ 140ರೊಳಗೆ ಮಕ್ಕಳ ದರ. ಎದೆ ಝಲ್ಲೆನ್ನಿಸುವ ರೈಡುಗಳಲ್ಲಿ ಹೆಚ್ಚಿನವಕ್ಕೆ 140 ದಾಟಿರಬೇಕು.

ಮೊದಲ ಸಲ ಹೋದಾಗ ನಾವು ಅಳೆದಿರಲಿಲ್ಲ. ಮಗಳು ಊರಿನಿಂದಲೇ ಅಲ್ಲಿಯ ರೋಲರ್ ಕೋಸ್ಟರ್ ರೈಡಿನ ಹೆಸರು ಹಿಡಿದು ರಿಕಾಯಿಲ್ ರಿಕಾಯಿಲ್ ಎಂದು ಜಪ ಮಾಡುತ್ತ ಬಂದಿದ್ದಳು. ಸರತಿಯಲ್ಲಿ ನಿಂತು, ಇನ್ನೇನು ಹತ್ತಬೇಕು ಅನ್ನುವಾಗ ಅಳತೆ ಕೋಲಿನ ಹತ್ತಿರ ನಿಲ್ಲಿಸಿದರು. 137 ಬಂತು. ಪಾಪ, ಮಧ್ಯಾಹ್ನದವರೆಗೂ ಅತ್ತಳು. ನಿಯಮ ಅವಳ ಒಳ್ಳೆಯದಕ್ಕೇ ಇರುವುದು, ಅದು ಸರಿ. ಆದರೆ ಮನೆಯಲ್ಲೇ ಅಳೆದು ಹೇಳಿದ್ದರೆ ಆ ಸಂಕಟ ತಪ್ಪುತ್ತಿತ್ತು. ಎರಡು ವರ್ಷ ಬಿಟ್ಟು, ಗೋಡೆಯ ಗೆರೆ 140 ದಾಟಿದ ಮೇಲೆ ಮತ್ತೆ ಹೋದೆವು. ಈ ಸಲ ಅತ್ತೆಯನ್ನೂ ಕರೆದುಕೊಂಡು.

ನಮ್ಮ ಕಡೆಯಿಂದ ಹೋಗಲು ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಕಾರವಾರ ಬಿಟ್ಟು, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಜನರನ್ನು ಹತ್ತಿಸಿಕೊಂಡು, ರಾತ್ರಿ ಸುಬ್ರಹ್ಮಣ್ಯದ ಘಟ್ಟ ಹತ್ತಿ ಬೆಳಿಗ್ಗೆ ಬೆಂಗಳೂರು ಸೇರುತ್ತದೆ. ಶಿರಸಿ ಕಡೆಯವರಿಗೆ ರಾತ್ರಿ ಬಸ್ಸೇ ಸುಲಭ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹಿಡಿದರೆ ಚಲ್ಲಘಟ್ಟದವರೆಗೆ ಟ್ರಾಫಿಕ್ಕಿನ ಗೊಡವೆಯಿಲ್ಲ. ಅಲ್ಲಿಂದ ಮುಂದೆ ಮೈಸೂರು ರಸ್ತೆಯಲ್ಲಿ ಬಸ್ಸು ಅಥವಾ ಟ್ಯಾಕ್ಸಿ. ಗೇಟು ತೆರೆಯುವುದು 11ಕ್ಕೆ. ಹಾಗಾಗಿ ಸ್ನಾನ, ತಿಂಡಿಗೆ ಸಮಯ ಸಿಗುತ್ತದೆ. ಮನೆಯಿಂದ ತಂದದ್ದನ್ನು ಹೊರಗೇ ತಿಂದು ಮುಗಿಸಿ, ಒಳಗೆ ಬಿಡುವುದಿಲ್ಲ. ಅತ್ತೆ ಕಟ್ಟಿಕೊಂಡು ಬಂದಿದ್ದ ಚಪಾತಿ, ಅಪ್ಪೆಮಿಡಿ ಉಪ್ಪಿನಕಾಯಿ ರೈಲಿನಲ್ಲೇ ಖಾಲಿಯಾಗಿತ್ತು, ಒಳ್ಳೆಯದೇ ಆಯಿತು.

ಪಾರ್ಕು 82 ಎಕರೆ. 2005ರಲ್ಲಿ ಶುರುವಾದದ್ದು, 60ಕ್ಕೂ ಜಾಸ್ತಿ ರೈಡುಗಳಿವೆ. ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ಹೊರಟರೆ ನೆನಪಿನಲ್ಲಿ ಉಳಿಯುವುದು ಕಾಲುನೋವು ಮಾತ್ರ. ನನ್ನ ಮಾತು ಕೇಳಿ: ರೈಡುಗಳ ಪಟ್ಟಿ ಮಾಡಬೇಡಿ. ಮನೆಯಲ್ಲಿ ಯಾರಿಗೆ ಯಾವ ಭಾಗ ಅಂತ ಮೊದಲು ಯೋಚಿಸಿ.

ಒಳಗೆ ಹೋದ ಕೂಡಲೇ ಜನ ಸಿಕ್ಕಿದ ಮೊದಲ ರೈಡಿಗೇ ಸಾಲು ನಿಲ್ಲುತ್ತಾರೆ. ನೀವು ಸೀದಾ ದೊಡ್ಡ ರೈಡುಗಳ ಕಡೆ ಹೋಗಿ. ಬೆಳಿಗ್ಗೆ ಅಲ್ಲಿ ಸರತಿ ಚಿಕ್ಕದಿರುತ್ತದೆ, ಹೊಟ್ಟೆಯೂ ಹಗುರ ಇರುತ್ತದೆ. ರಿಕಾಯಿಲ್ ಮುಂದಕ್ಕೆ ಹೋದ ಹಳಿಯ ಮೇಲೇ ಹಿಮ್ಮುಖವಾಗಿ ವಾಪಸ್ ಬರುತ್ತದೆ. ತಲೆ ಕೆಳಗಾಗುವುದು ಎರಡೂ ಸಲ. ಊಟ ಮಾಡಿ ಹತ್ತುವ ರೈಡಲ್ಲ ಅದು. ಮಗಳು ಇಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು, ಆದರೂ "ಇನ್ನೊಂದ್ಸಲ ಅಮ್ಮಾ" ಅಂದಳು. ಅಷ್ಟರಲ್ಲಿ ಇವರು ಏಳು ವರ್ಷದ ಮಗನನ್ನು ಚಿಕ್ಕ ಮಕ್ಕಳ ಭಾಗದಲ್ಲಿ ಆಡಿಸುತ್ತಿದ್ದರು. ಹೀಗೆ ಇಬ್ಬರು ದೊಡ್ಡವರು ಹಂಚಿಕೊಳ್ಳಲೇಬೇಕು. ಎಲ್ಲರೂ ಒಟ್ಟಿಗೇ ಇರೋಣ ಅಂದರೆ ಯಾರಾದರೂ ಒಬ್ಬರು ಸುಮ್ನೆ ಬೆಂಚಿನ ಮೇಲೆ ಕೂತಿರಬೇಕಾಗುತ್ತದೆ.

ನೀರಿನ ಭಾಗ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಆ ದಿನದ ಸಮಯ ಗೇಟಿನಲ್ಲೇ ಕೇಳಿಕೊಳ್ಳಿ. ನಡುಮಧ್ಯಾಹ್ನ ಒಂದೇ ಸಲ ಬಟ್ಟೆ ಬದಲಿಸಿ ನೀರಿಗಿಳಿದರೆ ಸಾಕು, ಒಳಗೆ ಹೊರಗೆ ಓಡಾಡಿದರೆ ಅರ್ಧ ದಿನ ಬಟ್ಟೆ ಬದಲಿಸುವುದರಲ್ಲೇ ಹೋಗುತ್ತದೆ. ಹತ್ತಿ ಬಟ್ಟೆ, ಜೀನ್ಸ್, ಸೀರೆ ಉಟ್ಟು ನೀರಿಗೆ ಇಳಿಯುವಂತಿಲ್ಲ. ನೈಲಾನ್ ಅಥವಾ ಲೈಕ್ರಾ ಬೇಕು. ಊರಿನಿಂದಲೇ ತನ್ನಿ, ಇಲ್ಲದಿದ್ದರೆ ಅಲ್ಲಿಯ ಅಂಗಡಿಯಲ್ಲಿ ಕೊಳ್ಳಬೇಕಾಗುತ್ತದೆ. ಮೊಬೈಲು, ಪರ್ಸು ಇಡಲು ಲಾಕರ್ ಸಿಗುತ್ತದೆ.

ನಮ್ಮ ಮಕ್ಕಳು ಹುಟ್ಟಿದ್ದೇ ಸಮುದ್ರದ ಪಕ್ಕ. ಅಲೆಯ ಕೊಳದಲ್ಲಿ ಮಗ ಒಂದು ಗುಟುಕು ನೀರು ಬಾಯಿಗೆ ಹೋದದ್ದೇ ತಡ, "ಉಪ್ಪೇ ಇಲ್ಲ" ಎಂದು ಬೆರಗಾದ. ಕರಾವಳಿಯವರಿಗೆ ಒಂದು ಮಾತು: ನಮ್ಮ ಮಕ್ಕಳಿಗೆ ಅಲೆ ಗೊತ್ತು ಅಂತ ಕೈಬಿಡಬೇಡಿ. ಕಡಲಲ್ಲಿ ಅಲೆ ಬರುವುದು ದೂರದಿಂದಲೇ ಕಾಣುತ್ತದೆ. ಇಲ್ಲಿ ಯಂತ್ರ ಶುರುವಾದ ಕೂಡಲೇ ಸುತ್ತಲಿನ ಜನವೇ ಮೈಮೇಲೆ ಬೀಳುತ್ತಾರೆ. ಚಿಕ್ಕವರನ್ನು ಅಂಚಿನ ಕಡೆಗೇ ಇರಿಸಿಕೊಳ್ಳಿ. ಡಿಸೆಂಬರಿನಲ್ಲಿ ನೀರು ನಮ್ಮವರಿಗೆ ವಿಪರೀತ ತಣ್ಣಗೆ ಅನ್ನಿಸುತ್ತದೆ. ಆಗ ರೇನ್ ಡಿಸ್ಕೋಗೆ ಓಡಿ, ಅಲ್ಲಿ ಬಿಸಿನೀರಿನ ಮಳೆ!

ಅತ್ತೆಯ ವಿಷಯದಲ್ಲಿ ನನಗೆ ಅಳುಕಿತ್ತು. "ಆನು ಇಲ್ಲೇ ಇರ್ತಿ, ನಿಂಗ ಹೋಗ್ಬನ್ನಿ" ಎಂದು ನೆರಳಲ್ಲಿ ಚೀಲ ಇಟ್ಟುಕೊಂಡು ಕೂತರು. ಇಡೀ ದಿನ ಅವರನ್ನು ಚೀಲ ಕಾಯಲು ಬಿಟ್ಟರೆ ಕರೆದುಕೊಂಡು ಬಂದದ್ದಕ್ಕೆ ಅರ್ಥವೇನು, ಅಲ್ವಾ? ಹಾಗಾಗಿ ಚೀಲ ಲಾಕರಿಗೆ ಹಾಕಿ, ಕೊನೆಯ ಎರಡು ತಾಸು ಅವರಿಗೆಂದೇ ಇಟ್ಟೆವು. ಸಂಗೀತ ಕಾರಂಜಿ ನೋಡಿದರು. ಆಮೇಲೆ ಕಟ್ಟಡದ ಮೇಲಿರುವ ಸ್ಕೈ ವೀಲ್ ಹತ್ತಿದರು. ನಿಧಾನವಾಗಿ ಸುತ್ತುತ್ತದೆ, ಹೆದರಿಕೆಯಿಲ್ಲ. ಮೇಲೆ ಹೋದಾಗ ನನ್ನ ಕೈ ಹಿಡಿದುಕೊಂಡು, "ದೇವಿಮನೆ ಘಟ್ಟದ ಮೇಲಿಂದ ನೋಡ್ದಾಂಗೆ ಆತು" ಅಂದರು. 60 ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ.

ಶನಿವಾರ, ಭಾನುವಾರ, ದಸರಾ ರಜೆ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಉದ್ದ ಸರತಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟಿಗೆ ದುಡ್ಡು ಹಾಕಬಹುದು. ವಾರದ ದಿನಗಳಲ್ಲಿ ಅದರ ಅಗತ್ಯ ಬೀಳಲಿಲ್ಲ.

ವಾಪಸ್ ಬರುವಾಗ ಅದೇ ದಿನದ ಪಂಚಗಂಗಾಕ್ಕೆ ಬುಕ್ ಮಾಡಬೇಡಿ. ಅದು ಸಂಜೆ ಏಳರೊಳಗೇ ಬೆಂಗಳೂರು ಬಿಡುತ್ತದೆ. ಪಾರ್ಕು ಮುಚ್ಚುವವರೆಗೆ ಇದ್ದು ಅದನ್ನು ಹಿಡಿಯುವುದು ಆಗದ ಮಾತು. ನಾವು ರಾತ್ರಿ ಹತ್ತರ ಬಸ್ಸು ಹಿಡಿದೆವು. ಒದ್ದೆ ಬಟ್ಟೆಗೆ ಎರಡು ಗಟ್ಟಿ ಪ್ಲಾಸ್ಟಿಕ್ ಕವರ್, ಬಸ್ಸಿನಲ್ಲಿ ಹಾಕಿಕೊಳ್ಳಲು ಎಲ್ಲರಿಗೂ ಒಂದೊಂದು ಜೊತೆ ಒಣ ಬಟ್ಟೆ ಬೇರೆ ಚೀಲದಲ್ಲಿ ಇರಲಿ.