ಐದು ಚೀಟಿ, ಒಂದು ಸುರಂಗ

ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಗೆ ಎರಡು ಕೋಣೆಗಳು, ಒಂದು ಕನ್ನಡ ಮಾಧ್ಯಮಕ್ಕೆ, ಇನ್ನೊಂದು ಮಲಯಾಳಕ್ಕೆ. ನಡುವೆ ಇರುವುದು ಒಂದೇ ಗೋಡೆಯಾದರೂ, ಹದಿನಾಲ್ಕು ವರ್ಷಗಳಿಂದ ಇಲ್ಲಿ ಪಾಠ ಮಾಡುತ್ತಿರುವ ನಾನು ಪರೀಕ್ಷೆಯ ಮೇಲ್ವಿಚಾರಣೆಗಲ್ಲದೆ ಅದರಾಚೆ ಕಾಲಿಟ್ಟವನಲ್ಲ. ಕಳೆದ ವರ್ಷ ಶಾಲಾ ಕಲೋತ್ಸವದ ಮುನ್ನಾದಿನ, ಅಭ್ಯಾಸಕ್ಕೆ ವೇದಿಕೆ ಮೊದಲು ಯಾರಿಗೆ ಎಂಬ ವಿಷಯದಲ್ಲಿ ಎರಡೂ ಕೋಣೆಯ ಮಕ್ಕಳು ಹೊಡೆದಾಡಿಕೊಂಡರು. ಪೆಟ್ಟು ದೊಡ್ಡದೇನಲ್ಲ. "ನಿಮ್ಮ ಊರಿಗೆ ಹೋಗಿ" ಎಂದು ಎರಡೂ ಕಡೆಯವರು ಕೂಗಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ, ಏಕೆಂದರೆ ಹಾಗೆ ಕೂಗಿದವರಲ್ಲಿ ಹೆಚ್ಚಿನವರ ಮನೆಗಳಿರುವುದು ಒಂದೇ ಗುಡ್ಡದ ಬುಡದಲ್ಲಿ.

ಹನ್ನೆರಡರ ಮಕ್ಕಳ ಬಾಯಿಗೆ ಆ ಮಾತು ಬಂದದ್ದು ನಮ್ಮ ಜಗಲಿಗಳಿಂದಲೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸಲ್ಲಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿದದ್ದು, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸುವುದು, ಇವೆಲ್ಲ ನಮ್ಮ ನಿತ್ಯದ ಮಾತು. ಈ ನೋವು ಸುಳ್ಳಲ್ಲ. ಮನವಿಪತ್ರ ಹಿಡಿದು ನಾನೂ ಮೆರವಣಿಗೆಯಲ್ಲಿ ನಡೆದಿದ್ದೇನೆ. ಆದರೆ ಸರಕಾರಕ್ಕೆ ಮುಟ್ಟಬೇಕಾದ ಸಿಟ್ಟನ್ನು ನಾನು, ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ಪಕ್ಕದ ಕೋಣೆಯ ಟೀಚರಿಗೆ ಮುಟ್ಟಿಸುತ್ತಿದ್ದೆ. ಆರು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ನಮಸ್ಕಾರ ದಾಟಿದ ಮಾತು ನಡೆದದ್ದು ಕಡಿಮೆ.

ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕೋ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಟ್ಟಿಗೆ ಕೂರಿಸಿದಾಗ ಜಗಳ ಹೆಚ್ಚಿತೇ ಹೊರತು ತಗ್ಗಲಿಲ್ಲ. ಆಗ, 1971ರಲ್ಲಿ, ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನ ಮಾತು ಕೇಳದೆ ಯಾರಿಗೂ ಪಾಠ ಪೂರ್ತಿಯಾಗುತ್ತಿರಲಿಲ್ಲ. ಬರಿಯ ಒಡನಾಟ ಸಾಲದು, ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ ಇವೂ ಬೇಕೆಂದು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಬಿ.ಎಡ್. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದ ಈ ಸಂಗತಿ ಅಂದು ನೆನಪಾಯಿತು.

ಹೆಡ್ಮಾಸ್ಟರರ ಒಪ್ಪಿಗೆ ಪಡೆದು, ಟೀಚರ ಬಳಿ ಸಂಕೋಚದಿಂದಲೇ ಮಾತನಾಡಿ, ನಮ್ಮೂರಿನ ಸುರಂಗದ ವಿಷಯವನ್ನು ಆರಿಸಿಕೊಂಡೆ. ಗುಡ್ಡದ ಮುರಕಲ್ಲಿನಲ್ಲಿ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ, ಅಡ್ಡಕ್ಕೆ ಕೊರೆದು ನೀರು ತರುವ ಈ ಸುರಂಗಗಳು ಇಲ್ಲಿನ ಅಡಕೆ ತೋಟಗಳ ಜೀವ. ಜಾಗ ಗುರುತಿಸುವುದು, ಅಗೆಯುವುದು, ಅಳೆಯುವುದು, ಒಳಗೆ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರುವುದು, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹಾಯಿಸುವುದು, ಹೀಗೆ ಐದು ಚೀಟಿಗಳಾದವು. ಮೂರನ್ನು ನಾನು ಕನ್ನಡದಲ್ಲಿ ಬರೆದೆ, ಎರಡನ್ನು ಟೀಚರ್ ಮಲಯಾಳದಲ್ಲಿ ಬರೆದರು. ಎರಡೂ ಕೋಣೆಯವರನ್ನು ಬೆರೆಸಿದ ಐದೈದು ಮಕ್ಕಳ ಗುಂಪುಗಳು ಶಾಲೆಯ ಹಿಂದಿನ ಹಲಸಿನ ಮರದ ಕೆಳಗೆ ಕುಳಿತವು.

ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. "ನಲವತ್ತು ಕೋಲು ಉದ್ದದ ಸುರಂಗ ಎಷ್ಟು ಅಡಿ?" ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಅಳತೆಯ ಚೀಟಿ ಹಿಡಿದಿದ್ದ ಹುಡುಗಿಯತ್ತ ತಿರುಗಬೇಕಾಯಿತು. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ ಎಂಬುದು ಅವಳ ಮಲಯಾಳ ಚೀಟಿಯಲ್ಲಿತ್ತು. ಅವಳು "ಚೆಂಕಲ್ಲ್" ಎಂದು ಓದಿದಾಗ ನನ್ನ ತರಗತಿಯ ಹುಡುಗನೊಬ್ಬ "ಅದು ನಮ್ಮ ಮುರಕಲ್ಲೇ ಅಲ್ವಾ" ಎಂದ. ಅಷ್ಟರಲ್ಲಿ ಪಕ್ಕದ ಗುಂಪಿನಲ್ಲಿ ಇನ್ನೊಬ್ಬ ಹುಡುಗ ತನ್ನ ಕನ್ನಡ ಚೀಟಿಯನ್ನು ನೋಡುತ್ತಲೇ ಸರಾಗವಾಗಿ ಮಲಯಾಳದಲ್ಲಿ ಹೇಳತೊಡಗಿದ್ದು ಕಿವಿಗೆ ಬಿತ್ತು. ನನಗೆ ರೇಗಿತು. "ಕನ್ನಡದಲ್ಲೇ ಓದು!" ಎಂದು ಗದರಿಸಿದೆ. ಅವನು ಅಲ್ಲಿಗೇ ನಿಲ್ಲಿಸಿದ. ಆಗ ಮಲಯಾಳ ತರಗತಿಯ ಪುಟ್ಟ ಹುಡುಗಿಯೊಬ್ಬಳು, ಯಾವ ಅಂಜಿಕೆಯೂ ಇಲ್ಲದೆ, ನನಗೆ ಕನ್ನಡದಲ್ಲೇ ಹೇಳಿದಳು: "ಮಾಷ್ಟ್ರೇ, ಅವ ಹಾಗೆ ಹೇಳಿದ್ರೆ ಅಲ್ವಾ ನಮಗೆ ಗೊತ್ತಾಗುದು?"

ಜಗಳ ಬಿಡಿಸಲೆಂದು ಗುಂಪು ಮಾಡಿದವನು ನಾನೇ, ನಡುವೆ ಗೋಡೆ ಎತ್ತಿದವನೂ ನಾನೇ. ಹುಡುಗನ ಹೆಗಲು ತಟ್ಟಿ, "ನಿನಗೆ ಬಂದ ಹಾಗೆ ಹೇಳು" ಎಂದು ಅಲ್ಲಿಂದ ಸರಿದೆ. ಆ ದಿನ ಎಲ್ಲ ಗುಂಪುಗಳೂ ಸರಿಯುತ್ತರ ಬರೆಯಲಿಲ್ಲ. ಒಂದು ಗುಂಪಿನವರು ಲೆಕ್ಕವನ್ನೇ ಬಿಟ್ಟು ಯಾರ ಮನೆಯ ಸುರಂಗ ಉದ್ದವೆಂದು ವಾದಕ್ಕಿಳಿದಿದ್ದರು. ಅದು ಭಾಷೆಯ ಜಗಳವಾಗಿರಲಿಲ್ಲವೆಂದು ನಾನೂ ತಡೆಯಲಿಲ್ಲ.

ಮಧ್ಯಾಹ್ನ ಚಹಾ ಕುಡಿಯುವಾಗ ಟೀಚರ್ ನನ್ನ ಮೇಜಿನ ಮೇಲಿದ್ದ ಮನವಿಪತ್ರದ ಮಲಯಾಳ ಪ್ರತಿಯನ್ನು ಕೇಳಿ ಪಡೆದು ಓದಿದರು. ಬಹಳ ದಿನಗಳಿಂದ ನನ್ನನ್ನು ಚುಚ್ಚುತ್ತಿದ್ದ ಒಂದು ಸಂಗತಿಯನ್ನು ಆಗ ಅವರಲ್ಲಿ ಹೇಳಿಬಿಟ್ಟೆ. ಭಾಷಾ ಅಲ್ಪಸಂಖ್ಯಾತರಾದ ನಮ್ಮನ್ನು ಸರಕಾರಿ ಕಾಗದಗಳಲ್ಲಿ "ಭಾಷಾ ನ್ಯೂನಪಕ್ಷ" ಎನ್ನುತ್ತಾರೆ; ಕನ್ನಡದ ಕಿವಿಗೆ ನ್ಯೂನವೆಂದರೆ ಕುಂದು, ಐಬು. ಅವರು ತುಸು ಹೊತ್ತು ಸುಮ್ಮನಿದ್ದು, "ಅಯ್ಯೋ ಮಾಷೇ, ಇಲ್ಲಿ ನ್ಯೂನವೆಂದರೆ ಕಡಿಮೆ ಎಂದಷ್ಟೇ," ಎಂದು ಮಲಯಾಳದಲ್ಲಿ ಹೇಳಿದರು. "ಮಳೆಗಾಲದಲ್ಲಿ ರೇಡಿಯೊದವರು ಕಡಲಲ್ಲಿ ನ್ಯೂನಮರ್ದ ಎನ್ನುವುದಿಲ್ಲವೇ? ವಾಯುಭಾರ ಕಡಿಮೆಯಾಗಿದೆ, ಮಳೆ ಬರುತ್ತದೆ ಎಂದು."

ಮತ್ತೆ ಮನವಿಯ ಎರಡನೆಯ ಪುಟ ತಿರುಗಿಸಿ, ಖಾಲಿ ಇರುವ ಕನ್ನಡ ಹುದ್ದೆ ಯಾವುದೆಂದು ಕೇಳಿದರು.