ಮೊದಲು ಅವನನ್ನು ಕೇಳಿ

ಹೋದ ವರ್ಷ ತಮ್ಮನ ಹೆಸರಲ್ಲಿ ಒಂದು ಬ್ಯಾಂಕ್ ಖಾತೆ ಮಾಡಿಸಲು ಹೋಗಿದ್ದೆವು. ಅವನಿಗೆ 34 ವರ್ಷ, ಡೌನ್ ಸಿಂಡ್ರೋಮ್ ಇದೆ. ಕೌಂಟರಿನಲ್ಲಿದ್ದವರು ಅವನನ್ನು ಒಮ್ಮೆ ನೋಡಿದರು, ಆಮೇಲೆ ಅರ್ಧ ಗಂಟೆ ನನ್ನ ಜೊತೆಯೇ ಮಾತಾಡಿದರು. ಇವರಿಗೆ ಸಹಿ ಮಾಡಲು ಬರುತ್ತಾ? ದುಡ್ಡಿನ ಲೆಕ್ಕ ಗೊತ್ತಾಗುತ್ತಾ? ಇವರ ಪರವಾಗಿ ಯಾರು ಜವಾಬ್ದಾರಿ? ನಾನು ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದೆ. ಕೊನೆಗೆ ಖಾತೆ ಆಗಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರನ್ನು ಬೈಯುತ್ತಲೇ ಬಂದೆ. ತಮ್ಮ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಮನೆ ಹತ್ತಿರ ಬಂದಾಗ ನಿಂತು, "ಅಕ್ಕ, ನೀನೂ ನನ್ನನ್ನ ಕೇಳಲಿಲ್ಲ" ಅಂದ.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹದಿನೈದು ವರ್ಷದಿಂದ ಅವನಿಗಾಗಿ ಅರ್ಜಿ ಬರೆದವಳು, ಕಚೇರಿ ಅಲೆದವಳು, ಸಭೆಗಳಲ್ಲಿ ಮಾತಾಡಿದವಳು ನಾನು. ಅಷ್ಟೂ ವರ್ಷ ಅವನ ಕುರ್ಚಿಯಲ್ಲಿ ನಾನೇ ಕೂತಿದ್ದೆ ಅಂತ ಅವತ್ತು ಗೊತ್ತಾಯಿತು.

ಅಪ್ಪ ಅಮ್ಮಂದಿರ ಹೋರಾಟವನ್ನು ಸಣ್ಣದು ಮಾಡುತ್ತಿಲ್ಲ. ಅವರು ಜಗಳ ಆಡದಿದ್ದರೆ ಎಷ್ಟೋ ಮಕ್ಕಳಿಗೆ ಶಾಲೆಯ ಬಾಗಿಲೇ ತೆರೆಯುತ್ತಿರಲಿಲ್ಲ. ಅಮೆರಿಕದಲ್ಲಿ 1950ರಲ್ಲಿ ಇಂಥ ಮಕ್ಕಳ ಹೆತ್ತವರು ಸೇರಿ ಕಟ್ಟಿದ ಸಂಘವೇ ಇವತ್ತು ದಿ ಆರ್ಕ್ ಅನ್ನೋ ದೊಡ್ಡ ಸಂಸ್ಥೆಯಾಗಿದೆ. ಆದರೆ ಮಕ್ಕಳು ದೊಡ್ಡವರಾಗುತ್ತಾರೆ, ಅಲ್ವಾ? ಅವರಿಗೆ ಅವರದೇ ಮಾತು ಇರುತ್ತದೆ. 1960ರ ದಶಕದ ಸ್ವೀಡನ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ, ಅಂದರೆ ನನ್ನ ತಮ್ಮನ ಹಾಗೆ ಕಲಿಯಲು, ಅರ್ಥ ಮಾಡಿಕೊಳ್ಳಲು ಹೆಚ್ಚು ಸಹಾಯ ಬೇಕಾಗುವ ಯುವಕ ಯುವತಿಯರು ತಮ್ಮ ಕ್ಲಬ್‌ಗಳನ್ನು ತಾವೇ ನಡೆಸತೊಡಗಿದರು. 1970ರಲ್ಲಿ ಮಾಲ್ಮೊದಲ್ಲಿ ಅವರದೇ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1974ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಒಂದು ಗುಂಪು ತನಗೆ ಹೆಸರು ಹುಡುಕುತ್ತಿತ್ತು. ನಮ್ಮನ್ನು ಬೇರೆ ಏನೇನೋ ಕರೆಯುವ ಮುಂಚೆ ನಾವು ಮನುಷ್ಯರು ಅನ್ನೋದು ಅವರ ಮಾತು. ಹಾಗೆ 'ಪೀಪಲ್ ಫಸ್ಟ್' ಅನ್ನೋ ಹೆಸರು ಬಂತು. ಆ ವರ್ಷದ ಅವರ ಸಮ್ಮೇಳನಕ್ಕೆ 500ಕ್ಕೂ ಜಾಸ್ತಿ ಜನ ಬಂದರು. ಅವರಲ್ಲಿ ತುಂಬಾ ಜನ, ಇಂಥವರನ್ನು ಮನೆಯಿಂದ ದೂರ ಇಡುತ್ತಿದ್ದ ದೊಡ್ಡ ದೊಡ್ಡ ಸಂಸ್ಥೆಗಳ ಗೋಡೆಯೊಳಗೆ ವರ್ಷಗಟ್ಟಲೆ ಕಳೆದವರು.

ನಾವು ಈಗ ನಡೆಸುವ ಗುಂಪು ತುಂಬಾ ಚಿಕ್ಕದು. ತಮ್ಮನೂ ಸೇರಿ ಬೌದ್ಧಿಕ ಅಂಗವೈಕಲ್ಯ ಇರುವ ಒಂಬತ್ತು ಜನ ಸದಸ್ಯರು, ಇಬ್ಬರು ಸಹಾಯಕರು. ವಾರಕ್ಕೊಮ್ಮೆ ಸೇರುತ್ತೇವೆ. ಪ್ರತಿಯೊಬ್ಬ ಸದಸ್ಯರ ಕೈಯಲ್ಲೂ ಮೂರು ಕಾರ್ಡ್. ಹಸಿರು ಅಂದರೆ ಒಪ್ಪಿಗೆ, ಹಳದಿ ಅಂದರೆ ಅರ್ಥವಾಗಲಿಲ್ಲ, ನಿಧಾನ ಹೇಳಿ, ಕೆಂಪು ಅಂದರೆ ನಿಲ್ಲಿಸಿ. ಬೇರೆ ದೇಶಗಳ ಗುಂಪುಗಳೂ ಇಂಥ ಕಾರ್ಡ್ ಬಳಸುತ್ತವೆ. ಮೊದಲ ತಿಂಗಳು ಜಾಸ್ತಿ ಕೆಂಪು ಕಾರ್ಡ್ ತಿಂದವಳು ನಾನೇ. ಯಾರಾದರೂ ಮಾತು ಹುಡುಕುತ್ತಾ ತಡವರಿಸಿದರೆ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು, ಅವರ ವಾಕ್ಯವನ್ನು ನಾನೇ ಮುಗಿಸಿಬಿಡುತ್ತಿದ್ದೆ, ಅದೂ ಎಷ್ಟೋ ಸಲ ತಪ್ಪಾಗಿ. ಕಾಯುವುದು ಇಷ್ಟು ಕಷ್ಟದ ಕೆಲಸ ಅಂತ ನನಗೆ ಯಾರೂ ಹೇಳಿರಲಿಲ್ಲ. ಒಬ್ಬರಿಗೆ ಒಂದು ವಾಕ್ಯ ಹೇಳಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಅವರದು.

ಏನು ಬದಲಾಗಬೇಕು ಅಂತ ಒಂದು ದಿನ ಕೇಳಿದೆವು. ಕೆಲಸ, ಪಿಂಚಣಿ, ಪ್ರಯಾಣದ ಪಾಸ್ ಅಂತ ಹೇಳುತ್ತಾರೆ ಅಂದುಕೊಂಡು ನಾವು ಬೋರ್ಡಿನ ಮೇಲೆ ಮೊದಲೇ ಬರೆದಿಟ್ಟಿದ್ದೆವು. ಒಬ್ಬ ಮಹಿಳೆ, ವಯಸ್ಸು ನಲವತ್ತು ದಾಟಿದೆ, "ನನ್ನ ರೂಮಿನ ಬಾಗಿಲು ಹಾಕಿಕೊಳ್ಳಬೇಕು" ಅಂದರು. ಇನ್ನೊಬ್ಬರು, ಫೋನಿನಲ್ಲಿ ಮಾತಾಡುವಾಗ ಯಾರೂ ಪಕ್ಕದಲ್ಲಿ ನಿಲ್ಲಬಾರದು ಅಂದರು. ಮೂರನೆಯವರದು, "ನನ್ನನ್ನ ಮಗು ಅನ್ನಬೇಡಿ." ಬೋರ್ಡ್ ಒರೆಸಿ ಮತ್ತೆ ಬರೆದೆವು.

ಬಾಗಿಲಿನ ವಿಷಯ ಆ ಮಹಿಳೆಯ ಮನೆಯವರಿಗೆ ಹೇಳಿದಾಗ ಹೆದರಿದರು. ಒಳಗೆ ಬಿದ್ದರೆ? ಏನಾದರೂ ಆದರೆ? ಆ ಹೆದರಿಕೆ ಸುಳ್ಳಲ್ಲ, ಅದರ ಹಿಂದೆ ಇರುವುದು ಪ್ರೀತಿಯೇ. ಆದರೆ ಅಮೆರಿಕದ ರಾಬರ್ಟ್ ಪರ್ಸ್ಕೆ ಅನ್ನುವ ಲೇಖಕರು 1972ರಲ್ಲೇ ಒಂದು ವಿಚಾರ ಬರೆದಿದ್ದಾರೆ: ಸ್ವಲ್ಪ ಅಪಾಯ ತೆಗೆದುಕೊಳ್ಳುವುದರಲ್ಲೂ ಮನುಷ್ಯನ ಘನತೆ ಇದೆ, ಅದನ್ನು ಪೂರ್ತಿ ಕಿತ್ತುಕೊಂಡರೆ ಕಾಪಾಡಿದ ಹಾಗಲ್ಲ. ಕೊನೆಗೆ ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಹಾಕಿಸಿದರು. ಬಾಗಿಲು ಬಡಿಯದೆ ಯಾರೂ ಒಳಗೆ ಹೋಗುವುದಿಲ್ಲ.

ಕಾನೂನಿನ ಮಾತು ಬಂದಾಗ ಎಲ್ಲರೂ ಗಾರ್ಡಿಯನ್‌ಶಿಪ್ ಅನ್ನುತ್ತಾರೆ, ಅಂದರೆ ಅವರ ಪರವಾಗಿ ಬೇರೊಬ್ಬರು ತೀರ್ಮಾನ ಮಾಡುವ ಅಧಿಕಾರ, ಅದೊಂದು ಆದರೆ ಎಲ್ಲ ಮುಗಿಯಿತು ಅನ್ನೋ ಹಾಗೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರದು. ಅದರ 12ನೇ ವಿಧಿ ಬೇರೆಯದೇ ದಾರಿ ತೋರಿಸುತ್ತದೆ. ಕಾನೂನಿನ ಮುಂದೆ ಇವರೂ ಎಲ್ಲರ ಸಮ, ತೀರ್ಮಾನ ಮಾಡಲು ಬೇಕಾದ ಸಹಾಯ ಕೊಡಿ ಅನ್ನುತ್ತದೆ. ಸಹಾಯ ಅಂದರೆ ದೊಡ್ಡದೇನಲ್ಲ: ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ, ದೊಡ್ಡ ಅಕ್ಷರ, ಪಕ್ಕದಲ್ಲಿ ಚಿತ್ರ, ಯೋಚಿಸಲು ಎರಡು ದಿನ, ನಂಬುವ ಒಬ್ಬರು ಜೊತೆಗೆ. ಇಂಥ ಬರಹಕ್ಕೆ ಈಸಿ ರೀಡ್ ಅನ್ನುತ್ತಾರೆ. ಓದುವವರ ಕೈಯಲ್ಲೇ ಅದನ್ನು ಪರೀಕ್ಷೆ ಮಾಡಿಸಬೇಕು, ಆ ಕೆಲಸಕ್ಕೆ ದುಡ್ಡೂ ಕೊಡಬೇಕು.

ನ್ಯೂಜಿಲೆಂಡಿನ ರಾಬರ್ಟ್ ಮಾರ್ಟಿನ್ ಅವರ ಕತೆ ಗುಂಪಿನಲ್ಲಿ ಎಲ್ಲರಿಗೂ ಇಷ್ಟ. ಬಾಲ್ಯದ ಬಹುಪಾಲು ಅಂಥದೇ ಸಂಸ್ಥೆಗಳಲ್ಲಿ ಕಳೆದವರು. 2016ರಲ್ಲಿ, ಅದೇ ಒಪ್ಪಂದವನ್ನು ದೇಶಗಳು ಪಾಲಿಸುತ್ತವಾ ಅಂತ ನೋಡುವ ಸಮಿತಿಗೆ ಆಯ್ಕೆಯಾದರು, ಬೌದ್ಧಿಕ ಅಂಗವೈಕಲ್ಯ ಇದ್ದು ಅಲ್ಲಿ ಕೂತ ಮೊದಲ ವ್ಯಕ್ತಿ ಅವರೇ. 2024ರಲ್ಲಿ ತೀರಿಕೊಂಡರು. ಅವರು ಸಭೆಯಲ್ಲಿ ಏನು ಮಾಡುತ್ತಿದ್ದರು ಅಂತ ತಮ್ಮ ಕೇಳಿದ. ದೇಶಗಳ ಸರ್ಕಾರಗಳನ್ನು ಪ್ರಶ್ನೆ ಕೇಳುತ್ತಿದ್ದರು ಅಂದೆ. "ಅವರು ಉತ್ತರ ಹೇಳಬೇಕಾ?" ಅಂದ. ಹೌದು, ಹೇಳಬೇಕು. ಅದು ಅವನಿಗೆ ತುಂಬಾ ಹಿಡಿಸಿತು.

ಈ ತಿಂಗಳು ಗುಂಪು ಆ ಬ್ಯಾಂಕಿಗೆ ಒಂದು ಪತ್ರ ಬರೆದಿದೆ. ನಾಲ್ಕೇ ಸಾಲು. ನನ್ನ ಜೊತೆ ಮಾತಾಡಿ. ನಿಧಾನ ಮಾತಾಡಿ. ಫಾರಂ ಸುಲಭ ಮಾಡಿ. ಖಾತೆ ನನ್ನದು. ನಾನು ಒಂದೇ ಒಂದು ಪದ ಸೇರಿಸೋಣ ಅಂದೆ, 'ದಯವಿಟ್ಟು' ಅಂತ. ಐದು ಕೆಂಪು ಕಾರ್ಡ್ ಮೇಲೆದ್ದವು, ಬಿಟ್ಟೆ.

ಗುರುವಾರ ಪತ್ರ ಕೊಡಲು ಹೋಗುತ್ತಾರೆ. ನಾನೂ ಬರಲಾ ಅಂತ ಈ ಸಲ ತಮ್ಮನನ್ನು ಕೇಳಿದೆ. ಅವನು ತುಂಬಾ ಹೊತ್ತು ಯೋಚಿಸಿದ, ನಾನು ಕಾದೆ. ಬೇಡವಂತೆ. ರೂಮಿಗೆ ಚಿಲಕ ಹಾಕಿಸಿಕೊಂಡ ಆ ಮಹಿಳೆಯ ಜೊತೆ ಹೋಗುತ್ತಾನಂತೆ.