ಲೆನಿನ್‌ಗ್ರಾಡ್ ಶರಣಾಗಬಹುದಿತ್ತಲ್ವಾ?

ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ. ಕಾಲೇಜು ಹುಡುಗರೂ ಕೇಳುತ್ತಾರೆ, ನನಗಿಂತ ಹಿರಿಯರೂ ಕೇಳುತ್ತಾರೆ. "1940ರಲ್ಲಿ ಪ್ಯಾರಿಸ್ ಸುಮ್ನೆ ಬಾಗಿಲು ತೆಗೆದುಬಿಡ್ತು. ಊರು ಉಳೀತು, ಜನಾನೂ ಉಳಿದ್ರು. ಲೆನಿನ್‌ಗ್ರಾಡಿನವರು ಹಟ ಹಿಡಿದು ಲಕ್ಷ ಲಕ್ಷ ಜನ ಹಸಿದು ಸತ್ತರು. ಅವರೂ ಶರಣಾಗಬಹುದಿತ್ತಲ್ವಾ?"

ಮೇಲ್ನೋಟಕ್ಕೆ ಲೆಕ್ಕ ಹಾಗೇ ಕಾಣುತ್ತದೆ. ಇಂದಿನ ಸೇಂಟ್ ಪೀಟರ್ಸ್‌ಬರ್ಗ್ ಆಗ ಲೆನಿನ್‌ಗ್ರಾಡ್. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ಅದರ ನೆಲದ ದಾರಿಗಳನ್ನೆಲ್ಲ ಕಡಿದು ಹಾಕಿತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ಕ್ಕೆ. ಅಷ್ಟರಲ್ಲಿ ಸತ್ತ ನಾಗರಿಕರು ಎಂಟರಿಂದ ಹತ್ತು ಲಕ್ಷ ಎಂದು ಇಂದಿನ ಹೆಚ್ಚಿನ ಇತಿಹಾಸಕಾರರ ಅಂದಾಜು. ಬಹುಪಾಲು ಜನ ಸತ್ತದ್ದು ಬಾಂಬಿನಿಂದಲ್ಲ, ಹಸಿವಿನಿಂದ.

ನನ್ನ ಉತ್ತರ ಇಷ್ಟೇ: ಶರಣಾಗುತ್ತೇವೆ ಎಂದಿದ್ದರೂ ಅದನ್ನು ಒಪ್ಪಿಕೊಳ್ಳುವವರು ಯಾರೂ ಇರಲಿಲ್ಲ.

ಇದು ನನ್ನ ಊಹೆಯಲ್ಲ. ಜರ್ಮನ್ ಕಾಗದಪತ್ರಗಳಲ್ಲೇ ಇದೆ. 1941ರ ಸೆಪ್ಟೆಂಬರ್‌ನಲ್ಲೇ ಹಿಟ್ಲರ್ ಈ ನಗರವನ್ನು ಭೂಮಿಯ ಮೇಲಿಂದ ಅಳಿಸಿಹಾಕಲು ತೀರ್ಮಾನಿಸಿದ್ದ. ಅಷ್ಟು ಜನರಿಗೆ ಊಟ ಹಾಕುವ ತಲೆನೋವು ನಮಗೆ ಬೇಡ ಎಂಬುದೂ ಆ ಕಾಗದಗಳಲ್ಲಿ ಬರೆದಿದೆ. ಶರಣಾಗತಿ ಬಂದರೂ ಒಪ್ಪಬಾರದು ಎಂದು ಅಕ್ಟೋಬರ್ 7ರಂದು ಸೇನೆಗೆ ಆದೇಶ ಹೋಯಿತು. ಪ್ಯಾರಿಸ್‌ಗೆ ಹೀಗೆ ಯಾರೂ ಬರೆದಿರಲಿಲ್ಲ. ಫ್ರಾನ್ಸನ್ನು ಆಳುವುದು ಹಿಟ್ಲರನ ಯೋಜನೆಯಾಗಿತ್ತು. ಸೋವಿಯತ್ ನಾಡಿನಲ್ಲಿ ಅವನಿಗೆ ಬೇಕಾಗಿದ್ದದ್ದು ನೆಲ ಮತ್ತು ಧಾನ್ಯ, ಜನರಲ್ಲ.

ನಂಬಿಕೆ ಬರದಿದ್ದರೆ ಪಕ್ಕದ ಪುಶ್ಕಿನ್ ಪಟ್ಟಣ ನೋಡಿ. ಲೆನಿನ್‌ಗ್ರಾಡಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಸೆಪ್ಟೆಂಬರ್ ನಡುವಿಗೆ ಜರ್ಮನ್ನರ ಕೈಗೆ ಬಿತ್ತು. ಅಲ್ಲಿಯ ಜನ ಮುತ್ತಿಗೆಯ ಹೊರಗಿದ್ದರು, ಗೆದ್ದವರ ಕೈಕೆಳಗೇ ಇದ್ದರು. ಆ ಚಳಿಗಾಲದಲ್ಲಿ ಅವರೂ ಹಸಿದು ಸತ್ತರು. ಕೀವ್ ಕೂಡ ಅದೇ ತಿಂಗಳು ಬಿತ್ತು. ಸುಮಾರು ಹತ್ತು ದಿನದಲ್ಲಿ ಬಾಬಿ ಯಾರ್ ಕಮರಿಯಲ್ಲಿ ಎರಡೇ ದಿನಕ್ಕೆ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಇನ್ನು ಪ್ಯಾರಿಸ್‌ನಲ್ಲಿ "ಜನ ಉಳಿದರು" ಎಂಬುದೂ ಅರ್ಧ ಸತ್ಯ. 1942ರ ಜುಲೈನಲ್ಲಿ ಅಲ್ಲಿಯ ಪೊಲೀಸರೇ ಸುಮಾರು 13,000 ಯಹೂದಿಗಳನ್ನು ಹಿಡಿದುಕೊಟ್ಟರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು.

ಸ್ಟಾಲಿನ್ ಕಡೆಯಿಂದಲೂ ಬಾಗಿಲು ಮುಚ್ಚಿತ್ತು. ಶರಣಾಗಿ ಎಂದು ಬಾಯಿಬಿಟ್ಟವನನ್ನು ಜೈಲಿಗೋ ಗುಂಡಿಗೋ ಕೊಡುವ ಸರ್ಕಾರ ಅದು. ಹೀಗಿರುವಾಗ "ಲೆನಿನ್‌ಗ್ರಾಡಿನವರು ನಿರ್ಧಾರ ಮಾಡಿದರು" ಎನ್ನುವುದು ನನಗೆ ಸರಿಕಾಣುವುದಿಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ.

ಆಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. ಸರಿ, ಊರು ಬಿಟ್ಟು ಯಾಕೆ ಹೋಗಲಿಲ್ಲ? ಲಕ್ಷಾಂತರ ಜನ ಹೋದರು. ಆದರೆ ಶತ್ರು ಯಾವ ಕಡೆಯಿಂದ ಬರುತ್ತಾನೆ ಎಂಬ ಅಂದಾಜೇ ಅಧಿಕಾರಿಗಳಿಗೆ ಇರಲಿಲ್ಲ. ಜೂನ್ ಕೊನೆ, ಜುಲೈನಲ್ಲಿ ಸಾವಿರಾರು ಮಕ್ಕಳನ್ನು ನಗರದ ದಕ್ಷಿಣಕ್ಕೆ, ಜರ್ಮನ್ನರು ಬರುತ್ತಿದ್ದ ದಿಕ್ಕಿಗೇ ಕಳಿಸಿದರು. ಲಿಚ್ಕೊವೊ ನಿಲ್ದಾಣದಲ್ಲಿ ಮಕ್ಕಳಿದ್ದ ರೈಲಿನ ಮೇಲೆ ಬಾಂಬ್ ಬಿತ್ತು. ಸುದ್ದಿ ತಿಳಿದ ತಾಯಂದಿರು ಓಡಿಹೋಗಿ ಮಕ್ಕಳನ್ನು ವಾಪಸ್ ಮನೆಗೆ ಕರೆತಂದರು. ಇನ್ನೊಮ್ಮೆ ಕಳಿಸಿ ಎಂದರೆ ಯಾವ ತಾಯಿ ಕಳಿಸುತ್ತಾಳೆ ಹೇಳಿ. ದಾರಿ ಮುಚ್ಚಿದಾಗ ಸುಮಾರು 25 ಲಕ್ಷ ಜನ ಒಳಗೇ ಉಳಿದರು.

ಆಗ ಅವರ ಕೈಯಲ್ಲಿ ಉಳಿದದ್ದು ಅಡುಗೆಮನೆಯ ನಿರ್ಧಾರಗಳು ಮಾತ್ರ. ನನಗೆ ಈ ಮುತ್ತಿಗೆಯಲ್ಲಿ ಯುದ್ಧಕ್ಕಿಂತ ಜಾಸ್ತಿ ಕಾಡುವುದು ಇವೇ.

1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ರೇಷನ್ ಅತಿ ಕೆಳಕ್ಕೆ ಇಳಿಯಿತು. ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್. ಗುಮಾಸ್ತರು, ಮುದುಕರು, ಗೃಹಿಣಿಯರು, ಮಕ್ಕಳು, ಇವರಿಗೆಲ್ಲ 125 ಗ್ರಾಂ. ಬೇರೆ ಸಾಮಾನು ಕಾರ್ಡಿನಲ್ಲಿ ಬರೆದಿರುತ್ತಿತ್ತು, ಅಂಗಡಿಯಲ್ಲಿ ಇರುತ್ತಿರಲಿಲ್ಲ. ಆ ಬ್ರೆಡ್ಡೂ ಪೂರ್ತಿ ಹಿಟ್ಟಿನದಲ್ಲ. ನಮ್ಮಲ್ಲಿ ಎಮ್ಮೆಗೆ ಹಾಕುವ ಹತ್ತಿಕಾಳಿನ ಹಿಂಡಿ, ಮರದಿಂದ ತೆಗೆದ ಸೆಲ್ಯುಲೋಸ್ ಎಲ್ಲ ಸೇರಿಸುತ್ತಿದ್ದರು. ಒದ್ದೆಯಾದ, ಭಾರದ ಬ್ರೆಡ್. 125 ಗ್ರಾಂ ಅಂದರೆ ಅಂಗೈ ಮೇಲೆ ಕೂರುವ ಒಂದು ಹೋಳು. ಹೊರಗೆ ಮೈನಸ್ 30 ಡಿಗ್ರಿ ಚಳಿ. ಮನೆಯಲ್ಲಿ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಟ್ರಾಮ್ ನಿಂತಿದೆ.

ಈಗ ಒಬ್ಬ ತಾಯಿ ಇದ್ದಾಳೆ ಅಂದುಕೊಳ್ಳಿ. ಮನೆಯಲ್ಲಿ ಮಗು, ಹಾಸಿಗೆ ಹಿಡಿದ ಅತ್ತೆ. ಕ್ಯೂನಲ್ಲಿ ನಿಲ್ಲಲು, ನೆವಾ ನದಿಯ ಐಸ್ ಕೊರೆದು ನೀರು ತರಲು ಶಕ್ತಿ ಇರುವವಳು ಅವಳೊಬ್ಬಳೇ. ತನ್ನ ಪಾಲನ್ನು ಮಗುವಿಗೆ ಕೊಟ್ಟರೆ ಅವಳು ಬೀಳುತ್ತಾಳೆ. ಅವಳು ಬಿದ್ದರೆ ಮೂವರೂ ಹೋದಂತೆ. ಅತ್ತೆ ತಿಂಗಳ ಮೊದಲ ವಾರದಲ್ಲೇ ತೀರಿಕೊಂಡರೆ? ಸಾವು ದಾಖಲಿಸಿದರೆ ಅವಳ ಕಾರ್ಡ್ ಹೋಯಿತು. ಎಷ್ಟೋ ಮನೆಯವರು ತಣ್ಣಗಿನ ಕೋಣೆಯಲ್ಲಿ ಹೆಣ ಇಟ್ಟುಕೊಂಡು ತಿಂಗಳು ಮುಗಿಯುವವರೆಗೆ ಆ ಕಾರ್ಡಿನಲ್ಲೇ ಬ್ರೆಡ್ ತಂದರು. ಆ ಕಾಲದ ದಿನಚರಿಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಇದನ್ನು ಮೋಸ ಅಂತೀರಾ? ನನ್ನ ಬಾಯಲ್ಲಂತೂ ಆ ಮಾತು ಬರುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಎನ್ನಿಸುವ ಕಥೆಯೂ ಇದೆ. ಸೇಂಟ್ ಐಸಾಕ್ ಚೌಕದಲ್ಲಿ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಕಟ್ಟಿದ ಸಂಸ್ಥೆ ಇತ್ತು. ಜಗತ್ತಿನ ಮೂಲೆಮೂಲೆಯಿಂದ ತಂದ ಬೀಜಗಳು ಅಲ್ಲಿದ್ದವು. ಗೋಧಿ, ಭತ್ತ, ಬೇಳೆ, ಕಡಲೆಕಾಯಿ, ಎಲ್ಲ ತಿನ್ನುವಂಥವೇ. ಸಿಬ್ಬಂದಿ ಅದನ್ನು ಮುಟ್ಟಲಿಲ್ಲ. ಇಲಿಗಳಿಂದ ಕಾದರು. ಆಲೂಗೆಡ್ಡೆಯ ತಳಿಗಳು ಹೆಪ್ಪುಗಟ್ಟದಂತೆ ಸಿಕ್ಕಿದ್ದನ್ನೆಲ್ಲ ಉರಿಸಿದರು. ಭತ್ತದ ತಜ್ಞ ದ್ಮಿತ್ರಿ ಇವಾನೋವ್ ಹಸಿವಿನಿಂದ ಸತ್ತಾಗ ಅವರು ಕಾಯುತ್ತಿದ್ದ ಅಕ್ಕಿ ಹಾಗೇ ಇತ್ತು. ಕಡಲೆಕಾಯಿ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ಕೆಲಸದ ಮೇಜಿನಲ್ಲೇ ಕೊನೆಯುಸಿರೆಳೆದರು. ಇನ್ನೂ ಹಲವರು ಹೀಗೇ ಹೋದರು. ಆಗ ವಾವಿಲೋವ್ ಎಲ್ಲಿದ್ದರು ಗೊತ್ತಾ? ಸ್ಟಾಲಿನ್‌ನ ಜೈಲಿನಲ್ಲಿ. 1943ರ ಜನವರಿಯಲ್ಲಿ ಸರಟೋವ್ ಸೆರೆಮನೆಯಲ್ಲಿ ಸತ್ತರು. ಗುರುವನ್ನು ಜೈಲಿಗೆ ಹಾಕಿದ ಸರ್ಕಾರಕ್ಕಾಗಿ ಶಿಷ್ಯರು ಪ್ರಾಣ ಕೊಟ್ಟರು ಎಂದು ನನಗನ್ನಿಸುವುದಿಲ್ಲ. ಅವರು ಕಾದದ್ದು ಬೀಜವನ್ನು.

ಇಲ್ಲೊಂದು ಎಚ್ಚರಿಕೆ. ಇಂಥವರನ್ನು ತೋರಿಸಿ ಉಳಿದವರಿಗೆ ಬುದ್ಧಿ ಹೇಳಬಾರದು. ಇದೇ ನಗರದಲ್ಲಿ ರೇಷನ್ ಕಾರ್ಡಿಗಾಗಿ ಕೊಲೆಗಳಾದವು. ನರಮಾಂಸ ತಿಂದ ಆರೋಪದಲ್ಲಿ ಸುಮಾರು 2,000 ಜನರ ಬಂಧನವಾದದ್ದು ಪೊಲೀಸ್ ದಾಖಲೆಗಳಲ್ಲಿದೆ. ಇನ್ನೊಂದು ಕಡೆ, ಆಳುವ ಕಮ್ಯುನಿಸ್ಟ್ ಪಕ್ಷದ ವಿಶ್ರಾಂತಿಧಾಮದಲ್ಲಿದ್ದ ಒಬ್ಬ ನೌಕರ 1942ರ ಮಾರ್ಚ್‌ನಲ್ಲಿ ತನಗೆ ಸಿಕ್ಕ ಮಾಂಸ, ಕ್ಯಾವಿಯರ್, ಬೆಣ್ಣೆಯ ಪಟ್ಟಿಯನ್ನು ದಿನಚರಿಯಲ್ಲಿ ಖುಷಿಯಿಂದ ಬರೆದಿಟ್ಟಿದ್ದಾನೆ. ಹಸಿವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಯಾರ ಮುಂದೆ ಯಾವ ಆಯ್ಕೆ ಬಂತು ಎಂಬುದು ಅವರ ಕೈಲಿದ್ದ ಕಾರ್ಡಿನ ಮೇಲೆ ನಿಂತಿತ್ತು.

ಹಾಗಾದರೆ ನಗರ ಬದುಕಿದ್ದು ಹೇಗೆ? ಮುಖ್ಯವಾಗಿ ಊರಿನ ಪೂರ್ವಕ್ಕಿರುವ ಲಡೋಗಾ ಸರೋವರದಿಂದ. 1941ರ ನವೆಂಬರ್ 22ರಂದು ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿಗಳು ಹೊರಟವು. ಐಸ್ ಒಡೆದರೆ ಹೊರಗೆ ಹಾರಲು ಡ್ರೈವರ್‌ಗಳು ಬಾಗಿಲು ತೆಗೆದೇ ಓಡಿಸುತ್ತಿದ್ದರು. ಏಪ್ರಿಲ್‌ವರೆಗೆ ಸುಮಾರು 3.6 ಲಕ್ಷ ಟನ್ ಸಾಮಾನು ಒಳಗೆ ಬಂತು, 5.5 ಲಕ್ಷದಷ್ಟು ಜನ ಹೊರಗೆ ಹೋದರು. ಇನ್ನೊಂದು ಕಾರಣ ಹೇಳಲು ನನಗೆ ಇಷ್ಟವಿಲ್ಲ, ಆದರೆ ನಿಜ. ತಿನ್ನುವ ಬಾಯಿಗಳೇ ಕಡಿಮೆಯಾಗಿದ್ದವು.

1942ರ ಮಾರ್ಚ್ ಕೊನೆಯಲ್ಲಿ ಐಸ್ ಕರಗತೊಡಗಿತು. ಅದರಡಿ ಇಡೀ ಚಳಿಗಾಲದ ಹೊಲಸು, ಹೆಣ ಎಲ್ಲ ಇತ್ತು. ರೋಗ ಹಬ್ಬಿದ್ದರೆ ಉಳಿದವರೂ ಇರುತ್ತಿರಲಿಲ್ಲ. ಸುಮಾರು ಮೂರು ಲಕ್ಷ ಜನ, ಬಹುಪಾಲು ಹೆಂಗಸರು, ಸಲಿಕೆ ಹಿಡಿದು ಬೀದಿ ತೊಳೆದರು. ಆದೇಶವಿತ್ತು, ನಿಜ. ಆದರೆ ಆದೇಶಕ್ಕೆ ಹೆದರಿ ಮಾಡಿದ ಕೆಲಸ ಅಷ್ಟೇ ಅಂತ ದಿನಚರಿ ಓದಿದವರಿಗೆ ಅನ್ನಿಸುವುದಿಲ್ಲ. ಏಪ್ರಿಲ್ 15ಕ್ಕೆ ಪ್ರಯಾಣಿಕರ ಟ್ರಾಮ್ ಮತ್ತೆ ಓಡಿತು. ಬೇಸಿಗೆಯಲ್ಲಿ ಐಸಾಕ್ ಚೌಕದಲ್ಲೇ ಎಲೆಕೋಸು ಬೆಳೆದರು.

ಇಷ್ಟೆಲ್ಲ ನಮಗೆ ಇಷ್ಟು ತಡವಾಗಿ ತಿಳಿದದ್ದಕ್ಕೂ ಕಾರಣವಿದೆ. ಜನರೇ ತಮ್ಮ ವಸ್ತುಗಳನ್ನು ಕೊಟ್ಟು ಕಟ್ಟಿದ ಮುತ್ತಿಗೆಯ ಮ್ಯೂಸಿಯಂ ಒಂದಿತ್ತು. 1949ರಲ್ಲಿ ಸ್ಟಾಲಿನ್ ಸರ್ಕಾರದವರೇ ಅದನ್ನು ಮುಚ್ಚಿಸಿದರು. ಮುತ್ತಿಗೆಯಲ್ಲಿ ನಗರ ನಡೆಸಿದ ಪೋಪ್ಕೊವ್ ಮತ್ತು ಕುಜ್ನೆತ್ಸೋವ್ ಅವರನ್ನು 1950ರಲ್ಲಿ ಗುಂಡಿಟ್ಟು ಕೊಂದರು. ಅಧಿಕೃತ ಕಥೆಯಲ್ಲಿ ಶೌರ್ಯ ಮಾತ್ರ ಉಳಿಯಿತು, ಅಡುಗೆಮನೆ ಹೋಯಿತು. ಮ್ಯೂಸಿಯಂ ಮತ್ತೆ ತೆರೆದದ್ದು 1989ರಲ್ಲಿ. ದಿನಚರಿಗಳು ಹೆಚ್ಚಾಗಿ ಅಚ್ಚಾದದ್ದೂ ಆಮೇಲೆಯೇ. ಹಾಗಾಗಿ ಹಳೆಯ ಪುಸ್ತಕ ಓದಿಕೊಂಡು "ಹಟ ಹಿಡಿದರು" ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆ ಪುಸ್ತಕಗಳಲ್ಲಿ ಇದ್ದದ್ದೇ ಅಷ್ಟು.